ಕೌಟುಂಬಿಕ ಹಿಂಸೆ ಮತ್ತು ಗರ್ಭಿಣಿಯ ಆರೋಗ್ಯ: ಸದಸ್ಯರ ಕರ್ತವ್ಯ



ಗರ್ಭಿಣಿಯು ತಪಾಸಣೆಗೆ ಬಾರದಿದ್ದಲ್ಲಿ ಅದನ್ನು ಅಲಕ್ಷ್ಯವೆಂದು ಕೂಡಲೇ ತೀರ್ಮಾನಿಸತಕ್ಕದ್ದಲ್ಲ. ಮನೆಯೊಳಗಿನ ಹಿಂಸೆಯೂ ಕಾರಣವಾಗಿರಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ರಾಜ್ಯದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 44.4ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿದ್ದಾರೆ. ಗರ್ಭಾವಸ್ಥೆಯಲ್ಲಿ ಬೀಳುವ ಹೊಡೆತದಿಂದ ಗರ್ಭಪಾತ, ಅವಧಿಪೂರ್ವ ಹೆರಿಗೆ ಸಂಭವಿಸಬಹುದು. ಬಲವಂತದ ಲೈಂಗಿಕ ಸಂಪರ್ಕದಿಂದ ಬೇಡದ ಗರ್ಭಧಾರಣೆ, ಸೋಂಕು ಉಂಟಾಗಬಹುದು.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದ 3ನೇ ಪ್ರಕರಣದನ್ವಯ ಲೈಂಗಿಕ ದೌರ್ಜನ್ಯವೂ ಕೌಟುಂಬಿಕ ಹಿಂಸೆಯೇ ಆಗಿದೆ. 4ನೇ ಪ್ರಕರಣದನ್ವಯ ಸಂರಕ್ಷಣಾಧಿಕಾರಿಗೆ ಸದ್ಭಾವನೆಯಿಂದ ಮಾಹಿತಿ ನೀಡಿದವರು ಸಿವಿಲ್ ಅಥವಾ ಕ್ರಿಮಿನಲ್ ಹೊಣೆಗೆ ಒಳಪಡುವುದಿಲ್ಲ.

ಆದುದರಿಂದ ಆಶಾ ಕಾರ್ಯಕರ್ತೆಯು ಆಕೆಯೊಡನೆ ಏಕಾಂತದಲ್ಲಿ ಮಾತನಾಡಲು ಅವಕಾಶ ಕಲ್ಪಿಸುವುದು. ಆಕೆಯ ಒಪ್ಪಿಗೆ ಪಡೆದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅಥವಾ 181 ಸಹಾಯವಾಣಿಗೆ ತಿಳಿಸುವುದು. ಆಕೆಯ ಹೆಸರನ್ನು ಗ್ರಾಮಸಭೆಯಲ್ಲಿ ಪ್ರಸ್ತಾಪಿಸತಕ್ಕದ್ದಲ್ಲ. ರಾಜಿಗೆ ಒತ್ತಾಯಿಸತಕ್ಕದ್ದೂ ಅಲ್ಲ.