ಹತ್ತುವ ಮೊದಲು ಇಳಿಯುವ ಊರು ಗೊತ್ತುಮಾಡಿಕೊಳ್ಳಿ

ಎರೆಭೂಮಿಯ ಅಣ್ಣಿಗೇರಿ, ನವಲಗುಂದದವರಿಗೆ ಗುಡ್ಡದ ಸಾಲೆಂದರೆ ಹತ್ತಿರದ್ದು ಕಪ್ಪತಗುಡ್ಡ. ಗದಗಿನ ಮಗ್ಗುಲಿನ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ತನಕ 60 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಹಬ್ಬಿರುವ ಈ ಸಾಲಿನ ಒಂದು ತುಂಡನ್ನಾದರೂ ನೆತ್ತಿ ಹಿಡಿದು ನಡೆಯಬೇಕೆಂಬ ಆಸೆ ಹಲವರಿಗಿದೆ. ಎಲ್ಲಿಂದ ಹತ್ತಬೇಕು ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿ ಇಳಿಯಬೇಕು ಎಂದು ಕೇಳುವವರು ಕಡಿಮೆ. ಹತ್ತುವಾಗ ದಾರಿ ತಪ್ಪಿದರೂ ಕೊನೆಗೆ ನೆತ್ತಿಗೇ ಬಂದು ಸೇರುತ್ತೀರಿ. ಇಳಿಯುವಾಗ ಹಾಗಲ್ಲ: ಮೇಲೆ ನೂರು ಹೆಜ್ಜೆ ಆಚೀಚೆಯಾದರೆ ಕೆಳಗೆ ಬೇರೆಯೇ ಊರು.

ಕುಮಾರ ಪರ್ವತವನ್ನೇ ನೋಡಿ. 1,712 ಮೀಟರ್ ಎತ್ತರದ ಆ ಶಿಖರದಿಂದ ಒಂದು ಕಡೆ ಇಳಿದರೆ ದಕ್ಷಿಣ ಕನ್ನಡದ ಕುಕ್ಕೆ, ಇನ್ನೊಂದು ಕಡೆ ಇಳಿದರೆ ಕೊಡಗಿನ ಬೀದಹಳ್ಳಿ. ಕುಕ್ಕೆಯ ದಾರಿ ಬೀದಹಳ್ಳಿಯದಕ್ಕಿಂತ ಬಹಳ ಉದ್ದ, ಮೊಣಕಾಲಿನ ಸತ್ವಪರೀಕ್ಷೆ.

ಮೊದಲ ಕೆಲಸ ಅನುಮತಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ನೆತ್ತಿಯ ಮೇಲೆ ಅಲೆಯುವಂತಿಲ್ಲ. ಗದಗಿನ ಕಚೇರಿಯಲ್ಲಿ ಹತ್ತುವ ದಾರಿಯ ಜೊತೆಗೆ ಇಳಿಯುವ ದಾರಿಯನ್ನೂ ಹೆಸರಿಸಿ ಕೇಳಿ. ಬೇಡವೆಂದರೆ ವಾದ ಬೇಡ, ಕಪ್ಪತ ಮಲ್ಲೇಶ್ವರ ಗುಡಿಯ ರಸ್ತೆಯಲ್ಲೇ ಹೋಗಿ ಬನ್ನಿ. ಚಿರತೆ, ತೋಳ, ಕತ್ತೆಕಿರುಬ ಇರುವ ಕಾಡಿದು.

ಆಮೇಲೆ ನಕ್ಷೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿ.ಮೀ. ಎತ್ತರದ ಗೆರೆಗಳು ಒತ್ತೊತ್ತಾಗಿದ್ದಲ್ಲಿ ಇಳಿಜಾರು ಕಡಿದು. ಗೆರೆಗಳು ತಗ್ಗಿನ ಕಡೆ ಮೂಗು ಚಾಚಿದ್ದರೆ ಅದು ಗುಡ್ಡದ ಏಣು, ಎತ್ತರದ ಕಡೆಗೆ ಒಳಸರಿದಿದ್ದರೆ ಹಳ್ಳ. ಇಳಿಯಲು ಏಣನ್ನೇ ಆರಿಸಿ. ಹಳ್ಳ ಹೇಗೂ ಊರಿಗೇ ಹೋಗುತ್ತದಲ್ಲ ಎಂದು ಅದರ ಜಾಡು ಹಿಡಿಯುವವರೇ ಹೆಚ್ಚು. ಅದು ಊರು ಮುಟ್ಟುವುದು ನಿಜ, ನಡುವೆ ಎರಡಾಳು ಎತ್ತರದ ಬಂಡೆಯಿಂದ ಧುಮುಕಿ ಹೋಗುವುದೂ ನಿಜ. ನೀರು ಧುಮುಕೀತು, ನೀವು ಧುಮುಕಲಾರಿರಿ.

ಇನ್ನು ಯಾವ ಮಗ್ಗುಲಿಗೆ ಇಳಿಯಬೇಕು? ಮೂಡಣಕ್ಕೆ ಡೋಣಿ, ಡಂಬಳದ ಸೀಮೆ, ಪಡುವಣಕ್ಕೆ ಕಡಕೋಳ, ಶಿರಹಟ್ಟಿಯ ಸೀಮೆ. ಕುಂದಗೋಳದವರಿಗೆ ಶಿರಹಟ್ಟಿ ಕಡೆಯೇ ಮನೆಗೆ ಹತ್ತಿರವೆನಿಸುತ್ತದೆ. ಮನೆಗೆ ಹತ್ತಿರ ಎಂಬುದು ದಾರಿ ಆರಿಸಲು ತೀರ ಕೆಟ್ಟ ಕಾರಣ. ನೋಡಬೇಕಾದ್ದು ಜಾಡು ಸ್ಪಷ್ಟವಾಗಿದೆಯೇ, ಸಂಜೆ ಬಸ್ ಇದೆಯೇ, ಬೆಳಕು ಎಷ್ಟು ಹೊತ್ತು ಇರುತ್ತದೆ ಎಂಬುದನ್ನು. ಡಿಸೆಂಬರಿನಲ್ಲಿ ಸಂಜೆ ಆರಕ್ಕೆ ಹೊತ್ತು ಮುಳುಗುತ್ತದೆ. ಆದರೆ ಮೂಡಣ ಮಗ್ಗುಲಿಗೆ ಅದಕ್ಕೂ ಬಹಳ ಮೊದಲೇ ಗುಡ್ಡದ ನೆರಳು ಬೀಳುತ್ತದೆ. ಪಡುವಣಕ್ಕೆ ಇಳಿದರೆ ಬಿಸಿಲು ನೇರ ಕಣ್ಣಿಗೆ ಹೊಡೆದು ಕಾಲಡಿಯ ಕಲ್ಲು ಕಾಣುವುದಿಲ್ಲ. ಎರಡಕ್ಕೂ ಮದ್ದು ಒಂದೇ, ಮಧ್ಯಾಹ್ನ ಎರಡಕ್ಕೆ ನೆತ್ತಿ ಬಿಡುವುದು.

ಹಿಂದಿನ ದಿನ ಕೆಳಗಿನ ಊರಿನ ಚಹಾದಂಗಡಿಯಲ್ಲಿ ಕೂತು ವಿಚಾರಿಸಿ. ‘ದಾರಿ ಐತೇನ್ರಿ?’ ಎಂದರೆ ಎಲ್ಲರೂ ‘ಐತಿ’ ಎಂದೇ ಹೇಳುತ್ತಾರೆ. ‘ಅಲ್ಲಿಂದ ಎಮ್ಮಿ ಇಳೀತಾವೇನ್ರಿ ಯಜ್ಜಾ?’ ಎಂದು ಕೇಳಿ. ಆಡು ಇಳಿಯುವ ದಾರಿ ಬೇರೆ, ಎಮ್ಮೆ ಇಳಿಯುವ ದಾರಿ ಬೇರೆ. ನಮಗೆ ಬೇಕಾದ್ದು ಎಮ್ಮೆಯದು.

ಹೊತ್ತಿನ ಲೆಕ್ಕಕ್ಕೆ ಸ್ಕಾಟ್ಲೆಂಡಿನ ನೇಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ನಡೆಯುತ್ತದೆ: 5 ಕಿ.ಮೀ.ಗೆ ಒಂದು ತಾಸು, 600 ಮೀಟರ್ ಏರಿಗೆ ಇನ್ನೊಂದು ತಾಸು. ಅದು ತಂಪು ಸೀಮೆಯ ಗಟ್ಟಿಗರ ಲೆಕ್ಕ. ನಮ್ಮ ಬಿಸಿಲಿಗೆ, ನಮ್ಮ ಕಲ್ಲಿಗೆ ಎರಡರಿಂದ ಗುಣಿಸಿ. 10 ಕಿ.ಮೀ. ನಡಿಗೆ, 600 ಮೀಟರ್ ಏರು ಎಂದರೆ ಆರು ತಾಸು.

ನಡುದಾರಿಯಲ್ಲಿ ಇಳಿದುಬಿಡಲು ಇನ್ನೊಂದು ಜಾಡನ್ನೂ ಗುರುತು ಹಾಕಿಟ್ಟುಕೊಳ್ಳಿ. ಕಾಲು ಉಳುಕಿದಾಗ, ನೀರು ತೀರಿದಾಗ ಅದೇ ಗತಿ. ಗಾಳಿಯಂತ್ರಗಳ ಮಣ್ಣುರಸ್ತೆ ಕಂಡರೆ ಹಿಗ್ಗಬೇಡಿ, ಅದರ ಕವಲು ಎಷ್ಟೋ ಸಲ ಒಂದು ಕಂಬದ ಬುಡಕ್ಕೆ ಹೋಗಿ ಮುಗಿದುಹೋಗುತ್ತದೆ. ನೆತ್ತಿಯ ಗಾಳಿಗುಂಡಿ ಬಸವಣ್ಣನ ಗುಡಿಯ ಬಳಿಯ ಗಾಳಿಗೆ ಟೊಪ್ಪಿಗೆ, ಕಾಗದದ ನಕ್ಷೆ ಎರಡೂ ಹಾರಿಹೋಗಬಹುದು. ನಕ್ಷೆಗೆ ದಾರ ಕಟ್ಟಿ.

ಚೀಲದಲ್ಲಿ ತಲೆಗೆ ನಾಲ್ಕು ಲೀಟರ್ ನೀರು, ರೊಟ್ಟಿ, ಶೇಂಗಾ ಚಟ್ನಿ, ಬ್ಯಾಟರಿ ಇರಲಿ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಒಳ್ಳೆಯ ಕಾಲ. ಆಮೇಲೆ ಹುಲ್ಲು ಒಣಗಿ ಬೆಂಕಿಯ ಭಯ, ಬೆಂಕಿಪೊಟ್ಟಣ ಮನೆಯಲ್ಲೇ ಬಿಡಿ.

ಇಳಿಯುವಾಗ ಒಣಹುಲ್ಲಿನ ಕೆಳಗೆ ಉರುಟು ಕಲ್ಲು ಅಡಗಿರುತ್ತವೆ. ಕೋಲಿನಿಂದ ತಟ್ಟಿ ನೋಡಿ, ಮೊಣಕಾಲು ತುಸು ಬಾಗಿಸಿ, ಹೆಜ್ಜೆ ಚಿಕ್ಕದಾಗಿಡಿ. ಕಡಿದಾದಲ್ಲಿ ಓರೆಯಾಗಿ ಇಳಿಯಿರಿ, ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಜಾಡು ತಪ್ಪಿತೆನಿಸಿದರೆ ಇಳಿಯುತ್ತಲೇ ಹೋಗಬೇಡಿ, ಕೊನೆಯ ಗುರುತು ಕಂಡಲ್ಲಿಗೆ ಹತ್ತಿ ಬನ್ನಿ. ದಣಿದ ಕಾಲು ಒಪ್ಪುವುದಿಲ್ಲ, ಒಪ್ಪಿಸಬೇಕು.

ಹೊರಡುವಾಗ ಮನೆಯವರ ಕೈಗೊಂದು ಚೀಟಿ ಕೊಡಿ: ಹತ್ತುವ ಊರು, ಇಳಿಯುವ ಊರು, ಎಷ್ಟು ಜನ, ಎಷ್ಟು ಹೊತ್ತಿಗೆ. ಆ ಹೊತ್ತು ಮೀರಿ ಎರಡು ತಾಸಾದರೂ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡಲು ಹೇಳಿ. ಇಳಿದ ಕೂಡಲೇ, ಚಹಾ ಕುಡಿಯುವ ಮೊದಲು, ಮನೆಗೆ ಫೋನ್ ಮಾಡಿ.