ಡಾಂಬರಿಗಿಂತ ಮೊದಲು ದಾಖಲೆ: ನಮ್ಮೂರ ದಾರಿಗೆ ಹಣ ತರುವುದು ಹೇಗೆ?

ಗಂಗಾವತಿಯಿಂದ ಕೊಪ್ಪಳದ ಕಡೆ ಹೊರಟರೆ ಹೇಮಗುಡ್ಡದಲ್ಲಿ ಟೋಲ್ ಬರುತ್ತದೆ. ಅಲ್ಲಿ ಗಾಡಿ ನಿಂತಾಗ ಯಾರಾದರೂ ಒಬ್ಬರು ಗೊಣಗಿಯೇ ಗೊಣಗುತ್ತಾರೆ: ‘ಇಲ್ಲಿ ಇಷ್ಟ್ ರೊಕ್ಕ ತಗೋತಾರ, ನಮ್ಮೂರ ದಾರಿಗೆ ಒಂದ್ ಬುಟ್ಟಿ ಗರಸು ಹಾಕಂಗಿಲ್ಲ.’ ಸಿಟ್ಟೇನೋ ನ್ಯಾಯವಾದದ್ದೇ. ಆದರೆ ಆ ರೊಕ್ಕಕ್ಕೂ ಊರ ದಾರಿಗೂ ಸಂಬಂಧವಿಲ್ಲ. ಊರ ದಾರಿಯ ರೊಕ್ಕ ಬೇರೆ ಕಡೆಯಿಂದ ಬರಬೇಕು. ಅದಕ್ಕೆ ಎರಡು-ಮೂರು ವರ್ಷ ಮೊದಲೇ ಕೂತು ಕೆಲಸ ಮಾಡಬೇಕು.

ಹಂತ 1: ದಾರಿ ಯಾರದು?

ಅರ್ಜಿ ಬರೆಯುವುದಕ್ಕಿಂತ ಮುಂಚೆ ಇದು ಗೊತ್ತಾಗಬೇಕು. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಟೋಲ್ ಕೂರಿಸಿದ ರಾಜ್ಯ ಹೆದ್ದಾರಿಯಾದರೆ ಅದನ್ನು ನೋಡಿಕೊಳ್ಳುವವರ ಹೆಸರಿಗೆ ಟೋಲ್ ರಸೀದಿ ನೋಡಿ. ಊರಿಂದೂರಿಗೆ ಹೋಗುವ ಗ್ರಾಮೀಣ ರಸ್ತೆಗಳು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿದ್ದು, ಓಣಿಯ ದಾರಿ ಗ್ರಾಮ ಪಂಚಾಯಿತಿಯದು. ಹೇಮಗುಡ್ಡದಂಥ ಜಾಗದಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಇಳಿದು ಹೊಲಕ್ಕೆ ಹೋಗುವಷ್ಟರಲ್ಲಿ ಮೂವರು ಯಜಮಾನರು ಬದಲಾಗಿರುತ್ತಾರೆ. ‘ಇದು ನಮಗ ಬರಂಗಿಲ್ಲ ಸರ, ಆ ಆಫೀಸಿಗೆ ಹೋಗ್ರಿ’ ಅಂತ ತಿಂಗಳುಗಟ್ಟಲೆ ಅಲೆದವರೆಲ್ಲ ಎಡವಿದ್ದು ಈ ಮೊದಲ ಮೆಟ್ಟಿಲಲ್ಲೇ.

ಹಂತ 2: ದಾರಿ ದಾಖಲೆಯಲ್ಲಿದೆಯೇ?

ಕಂದಾಯ ಇಲಾಖೆಯ ಗ್ರಾಮ ನಕಾಶೆ ತೆಗೆದು ನೋಡಿ. ‘ನಕಾಶೆ ಕಂಡ ದಾರಿ’ ಆಗಿದ್ದರೆ ಅರ್ಧ ಗೆದ್ದಂತೆ. ಇಲ್ಲದಿದ್ದರೆ ನೀವು ಅಜ್ಜನ ಕಾಲದಿಂದ ಬಂಡಿ ಹೊಡೆದ ದಾರಿಯೂ ಕಾಗದದಲ್ಲಿ ಯಾರದೋ ಹೊಲ. ಹಾಗಿದ್ದಲ್ಲಿ ಆ ಹೊಲದವರ ಒಪ್ಪಿಗೆ ಪತ್ರ ಮೊದಲೇ ಬರೆಸಿಕೊಳ್ಳಬೇಕು. ಬೀಗರೇ ಆದರೂ ಬಾಯಿಮಾತು ನಂಬಬೇಡಿ. ಜೆಸಿಬಿ ಬಂದ ದಿನ ಬೀಗತನ ನೆನಪಿರುವುದಿಲ್ಲ. ನಂತರ ಪಂಚಾಯಿತಿಯ ಆಸ್ತಿ ವಹಿಯಲ್ಲಿ, ಜಿಲ್ಲಾ ಗ್ರಾಮೀಣ ರಸ್ತೆ ಯೋಜನೆಯ ಪಟ್ಟಿಯಲ್ಲಿ ನಿಮ್ಮ ದಾರಿಗೆ ಹೆಸರು, ಉದ್ದ ಇದೆಯೇ ಕೇಳಿ. ಆ ಪಟ್ಟಿಯಲ್ಲಿ ಇಲ್ಲದ ರಸ್ತೆಗೆ ದೊಡ್ಡ ಹಣ ಸಿಗುವುದು ಕಷ್ಟ.

ಹಂತ 3: ಮಳೆಗಾಲದಲ್ಲಿ ಅಳತೆ

ಟೇಪು, ನೋಟುಬುಕ್ಕು, ಮೊಬೈಲು ಹಿಡಿದು ಮಳೆ ಬಿದ್ದ ಮರುದಿನ ದಾರಿಗುಂಟ ನಡೆಯಿರಿ. ಬೇಸಿಗೆಯಲ್ಲಿ ಎಲ್ಲ ದಾರಿಯೂ ಚೆನ್ನಾಗಿಯೇ ಕಾಣುತ್ತದೆ. ಎಲ್ಲಿ ನೀರು ನಿಂತಿದೆ, ಎಲ್ಲಿ ಮಸಾರಿ ಮುಗಿದು ಎರೆ ಶುರುವಾಗುತ್ತದೆ, ಹಳ್ಳ ಎಲ್ಲಿ ಅಡ್ಡ ಹಾಯುತ್ತದೆ ಅಂತ ಬರೆದುಕೊಳ್ಳಿ.

ಗಂಗಾವತಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಇರುವುದರಿಂದ ಭತ್ತದ ಗದ್ದೆ ರಸ್ತೆಯ ಮೈಗೆ ಅಂಟಿಕೊಂಡೇ ಇರುತ್ತದೆ. ಗದ್ದೆಯ ನೀರು ಅಡಿಯಿಂದ ಒಸರಿ ಬುಡ ಮೆತ್ತಗಾದರೆ ಮೇಲಿನ ಡಾಂಬರು ಎಷ್ಟು ಗಟ್ಟಿಯಿದ್ದರೂ ಉಪಯೋಗವಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಎರೆ ಹೊಲಗಳ ಕಥೆ ಬೇರೆ: ಅಲ್ಲಿ ಮಣ್ಣೇ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಜೊತೆಗೆ ರಸ್ತೆಯೂ ಬಿರಿಯುತ್ತದೆ. ಅದಕ್ಕೇ ಅರ್ಜಿಯಲ್ಲಿ ಬರೀ ‘ಡಾಂಬರು ಹಾಕಿಸಿ’ ಅನ್ನಬೇಡಿ. ‘ಇಷ್ಟು ಮೀಟರ್ ಏರಿ ಎತ್ತರಿಸಬೇಕು, ಎರಡೂ ಬದಿ ಚರಂಡಿ ಬೇಕು, ಇಲ್ಲಿ ಪೈಪು ಮೋರಿ ಬೇಕು’ ಎಂದು ಬರೆಯಿರಿ. ನನ್ನ ಕೇಳಿದರೆ, ಹಣ ಕಡಿಮೆ ಬಿದ್ದಾಗ ಡಾಂಬರನ್ನೇ ಬಿಡಬೇಕು, ಮೋರಿಯನ್ನಲ್ಲ.

ಎಷ್ಟು ಗಾಡಿ ಓಡಾಡುತ್ತವೆ ಎಂದೂ ಎಣಿಸಿ. ಹೇಮಗುಡ್ಡದ ದುರ್ಗಾಪರಮೇಶ್ವರಿ ಗುಡಿಯ ದಸರಾ ದಿನ ಎಣಿಸಿದರೆ ಎಂಜಿನಿಯರು ನಕ್ಕುಬಿಡುತ್ತಾರೆ. ಒಂದು ಸಾದಾ ವಾರದ ಲೆಕ್ಕ, ಭತ್ತ ಕೊಯ್ಲಿನ ಒಂದು ವಾರದ ಲೆಕ್ಕ, ಎರಡೂ ಇರಲಿ. ಲೋಡು ತುಂಬಿದ ಟ್ರ್ಯಾಕ್ಟರು, ಲಾರಿಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ; ರಸ್ತೆ ಕೆಡಿಸುವವು ಅವೇ.

ಹಂತ 4: ಸಭೆಯಲ್ಲಿ ಬರೆಸಿ

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಬೇಡಿಕೆ ಇಡಬಹುದು. ಪಂಚಾಯಿತಿಯ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಗೆ ಜನರ ಬೇಡಿಕೆ ಸೇರಿಸುವ ಅಭಿಯಾನ ಅಕ್ಟೋಬರ್ 2ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಸಭೆಯಲ್ಲಿ ಜೋರಾಗಿ ಮಾತಾಡಿ ಚಹಾ ಕುಡಿದು ಬಂದರೆ ಏನೂ ಆಗುವುದಿಲ್ಲ. ನಡಾವಳಿ ಪುಸ್ತಕದಲ್ಲಿ ರಸ್ತೆಯ ಹೆಸರು, ಉದ್ದ, ಆದ್ಯತೆಯ ಸಂಖ್ಯೆ ಬರೆಸಿ, ಪಿಡಿಒ ಸಹಿಯಾದ ಪ್ರತಿ ಪಡೆಯಿರಿ. ಮುಂದೆ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಅದನ್ನೇ.

ಹಂತ 5: ಯಾವ ಚೀಲದ ಹಣ?

ಎಲ್ಲ ಚೀಲದಲ್ಲೂ ಎಲ್ಲ ರಸ್ತೆಗೆ ಹಣ ಇರುವುದಿಲ್ಲ. ಓಣಿಯ ತುಂಡು ರಸ್ತೆಗೆ ಹಣಕಾಸು ಆಯೋಗದ ಅನುದಾನವಿದೆ. ಆದರೆ 15ನೇ ಆಯೋಗದ 2021–26ರ ಅವಧಿಯಲ್ಲಿ ಅದರ ಶೇ 60 ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಉಳಿದ ಶೇ 40ರಲ್ಲಿ ರಸ್ತೆಗೆ ಪೈಪೋಟಿ. ಹೊಲದ ದಾರಿಗಳಿಗೆ ‘ನಮ್ಮ ಹೊಲ ನಮ್ಮ ರಸ್ತೆ’ ಎಂದು ಉದ್ಯೋಗ ಖಾತ್ರಿಯ ಹಣ ಬಂದದ್ದುಂಟು. ಅಲ್ಲಿ ಕೂಲಿಗೆ ಶೇ 60ಕ್ಕೆ ಕಡಿಮೆಯಾಗಬಾರದು ಎಂಬ ಕಟ್ಟಳೆ ಇದ್ದುದರಿಂದ ಮಣ್ಣು-ಗರಸಿನ ಕೆಲಸ ಸಾಗುತ್ತಿತ್ತು, ಖಡಿ-ಡಾಂಬರು ಕಷ್ಟ.

ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ರ ಡಿಸೆಂಬರ್ 25ರಂದು ಶುರುವಾಯಿತು. 2019ರ ಮೂರನೇ ಹಂತ ಇದ್ದ ರಸ್ತೆಯನ್ನೇ ಸುಧಾರಿಸುವಂಥದು. ಮಾರುಕಟ್ಟೆ, ಪ್ರೌಢಶಾಲೆ, ಆಸ್ಪತ್ರೆಗೆ ಮುಟ್ಟಿಸುವ ದಾರಿಗೆ ಅಂಕ ಹೆಚ್ಚು. 2024ರ ನಾಲ್ಕನೇ ಹಂತದಲ್ಲಿ 2011ರ ಜನಗಣತಿಯಂತೆ 500ಕ್ಕಿಂತ ಹೆಚ್ಚು ಜನರಿದ್ದೂ ಸರ್ವಋತು ರಸ್ತೆ ಇಲ್ಲದ ಬಯಲುಸೀಮೆಯ ಊರುಗಳಿಗೆ ಪಾಳಿ. ಕೇಂದ್ರ ಶೇ 60, ರಾಜ್ಯ ಶೇ 40 ಹಾಕುತ್ತವೆ.

ನಮ್ಮ ಕಡೆಯವರಿಗೆ ಇನ್ನೊಂದು ಚೀಲವಿದೆ, ಮೈಸೂರು ಸೀಮೆಯವರಿಗಿಲ್ಲದ್ದು. ಸಂವಿಧಾನದ 371(ಜೆ) ವಿಧಿಯಿಂದ ಹುಟ್ಟಿದ, ಕಲಬುರಗಿಯಲ್ಲಿ ಕಚೇರಿಯಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. 2024–25ರ ಬಜೆಟ್‌ನಲ್ಲಿ ‘ಕಲ್ಯಾಣ ಪಥ’ ಎಂದು 38 ಗ್ರಾಮೀಣ ಕ್ಷೇತ್ರಗಳಲ್ಲಿ 1,150 ಕಿ.ಮೀ. ರಸ್ತೆಗೆ 1,000 ಕೋಟಿ ರೂಪಾಯಿ ಘೋಷಿಸಿದ್ದು ಈ ಭಾಗಕ್ಕೇ. ಭಾಗಿಸಿ ನೋಡಿ: ಕಿ.ಮೀ.ಗೆ ಸುಮಾರು 87 ಲಕ್ಷ. ನಿಮ್ಮ ಎರಡು ಕಿ.ಮೀ. ದಾರಿಗೆ ‘ಹತ್ತು ಲಕ್ಷದಾಗ ಮುಗಸ್ತೀವಿ’ ಅಂದವರನ್ನು ಎಷ್ಟು ನಂಬಬೇಕು ಎಂಬ ಅಂದಾಜು ಅದರಿಂದ ಸಿಗುತ್ತದೆ. ಇಂಥ ಪಟ್ಟಿಗಳಲ್ಲಿ ಶಾಸಕರ ಮಾತಿಗೆ ತೂಕ ಹೆಚ್ಚು. ಅವರ ಮುಂದೆ ಹೋಗುವಾಗ ಹಾರದ ಜೊತೆ ನಡಾವಳಿಯ ಪ್ರತಿಯನ್ನೂ ಒಯ್ಯಿರಿ.

ದಾರಿ ಲೋಕೋಪಯೋಗಿಯದಾದರೆ ‘ಅಪೆಂಡಿಕ್ಸ್-ಇ’ ಎಂಬ ಪದ ಕಲಿಯಿರಿ. ಬಜೆಟ್ಟಿನ ಜೊತೆ ಬರುವ ಕಾಮಗಾರಿಗಳ ಪಟ್ಟಿ ಅದು. 5054 ಲೆಕ್ಕ ಶೀರ್ಷಿಕೆ ಅಂದರೆ ಹೊಸ ಕೆಲಸ, 3054 ಅಂದರೆ ನಿರ್ವಹಣೆ. ಪಟ್ಟಿಗೆ ಸೇರಿದ ಕೂಡಲೇ ಹಣ ಬಂತು ಅಂತ ಪೇಢೆ ಹಂಚಬೇಡಿ. ಬಿಡುಗಡೆ ಬೇರೆಯೇ ಮಾತು.

ಹಂತ 6: ಅಂದಾಜು ಪತ್ರಿಕೆ, ಟೆಂಡರು

ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, 1999ರ ಪಾರದರ್ಶಕ ಕಾಯ್ದೆಯಂತೆ ಟೆಂಡರು. ಇಲ್ಲಿ ನಿಮಗಿರುವ ಕೆಲಸ ಒಂದೇ: ಅಂದಾಜು ಪತ್ರಿಕೆಯ ಪ್ರತಿ ಪಡೆಯುವುದು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, 30 ದಿನದಲ್ಲಿ ಉತ್ತರ ಬರಬೇಕು. ಅದರಲ್ಲಿ ಅಗಲ, ಖಡಿಯ ಪದರದ ದಪ್ಪ, ಮೋರಿಗಳ ಸಂಖ್ಯೆ ನೋಡಿ, ನಿಮ್ಮ ನೋಟುಬುಕ್ಕಿನ ಪಕ್ಕಕ್ಕಿಟ್ಟು ಹೋಲಿಸಿ. ಮೋರಿ ಬಿಟ್ಟುಹೋಗಿದ್ದರೆ ತಕರಾರು ಈಗಲೇ ಬರೆದುಕೊಡಿ; ರೋಲರು ಬಂದ ಮೇಲಲ್ಲ.

ಹಂತ 7: ಐದು ವರ್ಷ

ಸಡಕ್ ಯೋಜನೆಯ ರಸ್ತೆಯಾದರೆ ಮುಗಿದ ದಿನದಿಂದ ಐದು ವರ್ಷ ಗುತ್ತಿಗೆದಾರನೇ ಗುಂಡಿ ಮುಚ್ಚಬೇಕು, ಬದಿಯ ಜಾಲಿ ಕಡಿಸಬೇಕು. ಬೇರೆ ಯೋಜನೆಯಾದರೆ ಅವಧಿ ಎಷ್ಟೆಂದು ಕರಾರಿನಲ್ಲಿ ನೋಡಿ. ರಸ್ತೆಯ ತುದಿಯಲ್ಲಿ ಹಾಕುವ ಫಲಕದ ಮೇಲೆ ಮೊತ್ತ, ಗುತ್ತಿಗೆದಾರ, ಮುಗಿದ ದಿನಾಂಕ ಇರುತ್ತದೆ. ಉದ್ಘಾಟನೆಯ ದಿನವೇ ಅದರ ಫೋಟೋ ತೆಗೆದು ಮೂರ್ನಾಲ್ಕು ಜನರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನಾಲ್ಕನೇ ಮಳೆಗಾಲದಲ್ಲಿ ಗುಂಡಿ ಬಿದ್ದಾಗ ಫಲಕ ಅಲ್ಲಿರುತ್ತದೆ ಅನ್ನುವ ಭರವಸೆ ನನಗಂತೂ ಇಲ್ಲ.