ಯು ಇಲ್ಲದ ಕ್ಯೂ: ನಮ್ಮ ಮನೆಮಾತಿನಲ್ಲೇ ಇರುವ ಇಂಗ್ಲಿಷ್ ಪದಗಳು



ಇಂಗ್ಲಿಷ್‌ನಲ್ಲಿ ಕ್ಯೂ ಬಂದರೆ ಅದರ ಹಿಂದೆಯೇ ಯು ಬರಬೇಕು ಎಂದು ಚಿಕ್ಕ ತರಗತಿಯಲ್ಲೇ ಕಲಿತಿದ್ದೇವೆ. ಕ್ವೀನ್, ಕ್ವಶ್ಚನ್, ಕ್ವಾರ್ಟರ್ ಎಲ್ಲವೂ ಹಾಗೆಯೇ. ಸ್ಕ್ರ್ಯಾಬಲ್ ಆಡುವವರಿಗೆ ಇದೇ ತಲೆನೋವು. ಆಟದ 100 ಬಿಲ್ಲೆಗಳಲ್ಲಿ ಯು ನಾಲ್ಕೇ ಇವೆ. ಕ್ಯೂ ಒಂದೇ ಒಂದು, ಅದಕ್ಕೆ 10 ಅಂಕ. ಆಟ ಮುಗಿದಾಗ ಅದು ಕೈಯಲ್ಲೇ ಉಳಿದರೆ ಆ 10 ಅಂಕ ನಮ್ಮ ಲೆಕ್ಕದಿಂದ ಕಳೆಯುತ್ತದೆ.

ಇದಕ್ಕೆ ಪರಿಹಾರ ಯು ಬೇಡದ ಕ್ಯೂ ಪದಗಳು. ಅವುಗಳಲ್ಲಿ ಬಹಳಷ್ಟು ಅರಬ್ಬಿ ಮೂಲದವು.

ಇದಕ್ಕೆ ಕಾರಣವಿದೆ. ಹಳೆಯ ಇಂಗ್ಲಿಷ್‌ನಲ್ಲಿ ಕ್ವೀನ್ ಪದವನ್ನು ಸಿ, ಡಬ್ಲ್ಯು ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದ್ಧತಿಯ ಕ್ಯೂ-ಯು ಜೋಡಿ ಬಂತು. ಅರಬ್ಬಿಯ ಖಾಫ್ ಅಕ್ಷರಕ್ಕೆ ಮಾತ್ರ ಒಂಟಿ ಕ್ಯೂ ಬರೆಯುವ ರೂಢಿಯಾಯಿತು. ಇವೆರಡೂ ನೆಂಟರೇ. ಕ್ಯೂ ಮತ್ತು ಖಾಫ್ ಪ್ರಾಚೀನ ಫಿನೀಷಿಯನ್ ಲಿಪಿಯ ಒಂದೇ ಅಕ್ಷರದಿಂದ ಬಂದಿವೆ.

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಳಸುವ ಕಾಲಿನ್ಸ್ ಪಟ್ಟಿಯಿಂದ ಕೆಲವು ಪದಗಳು (ಅಂಕಗಳು ಸಾದಾ ಚೌಕಕ್ಕೆ):

ಕ್ಯೂ-ಐ: ಚೀನೀ ಪದ, ಪ್ರಾಣಶಕ್ತಿ ಎಂದರ್ಥ. 11 ಅಂಕ. ಮೊದಲು ಕಲಿಯಬೇಕಾದದ್ದು ಇದೇ.
ಕ್ಯೂ-ಎ-ಡಿ-ಐ: ಖಾಜಿ. 14 ಅಂಕ. ಅವೇ ಅಕ್ಷರಗಳನ್ನು ಕ್ಯೂ-ಎ-ಐ-ಡಿ ಎಂದು ಜೋಡಿಸಿದರೆ ನಾಯಕ.
ಕ್ಯೂ-ಐ-ಬಿ-ಎಲ್-ಎ: ನಮಾಜಿಗೆ ಮುಖ ಮಾಡುವ ದಿಕ್ಕು. 16 ಅಂಕ.
ಕ್ಯೂ-ಒ-ಆರ್-ಎಂ-ಎ: ಊಟದ ಕುರ್ಮಾ. 16 ಅಂಕ.
ಎಫ್-ಎ-ಕ್ಯೂ-ಐ-ಆರ್: ಫಕೀರ. 17 ಅಂಕ.
ಡಬ್ಲ್ಯು-ಎ-ಕ್ಯೂ-ಎಫ್: ವಕ್ಫ್. 19 ಅಂಕ.
ಕ್ಯೂ-ಎ-ಡಬ್ಲ್ಯು-ಡಬ್ಲ್ಯು-ಎ-ಎಲ್-ಐ: ಖವ್ವಾಲಿ. 22 ಅಂಕ. ಕೈಯಲ್ಲಿರುವ ಏಳೂ ಬಿಲ್ಲೆ ಒಮ್ಮೆಗೇ ಇಟ್ಟರೆ 50 ಹೆಚ್ಚುವರಿ, ಒಟ್ಟು 72!

ಒಂದು ಎಚ್ಚರಿಕೆ. ನಮ್ಮ ಮನೆಗಳ ದಖನಿಯಲ್ಲಿ ಖಾಫ್ ಅನ್ನು ‘ಖ’ ಎಂದೇ ಉಚ್ಚರಿಸುತ್ತೇವೆ. ಆದ್ದರಿಂದ ಕಿವಿಯನ್ನು ನಂಬಿದರೆ ಸಾಲದು, ಉರ್ದು ಬರಹವನ್ನು ನೆನಪಿಸಿಕೊಳ್ಳಬೇಕು. ಎರಡು ಚುಕ್ಕಿಯ ಖಾಫ್ ಇದ್ದರೆ ಕ್ಯೂ. ಒಂದು ಚುಕ್ಕಿಯ ಖೇ ಇದ್ದರೆ ಕೆ-ಎಚ್, ‘ಖಾನ್’ ಇದ್ದಂತೆ. ಕಾಫ್ ಇದ್ದರೆ ಬರೀ ಕೆ, ‘ಕಿತಾಬ್’ ಇದ್ದಂತೆ.

ಉರ್ದು ಬಾರದ ಸ್ನೇಹಿತರು ಇದು ತಮಗಲ್ಲ ಎಂದುಕೊಳ್ಳಬೇಡಿ. ಕನ್ನಡದಲ್ಲೂ ಖಾಫ್ ಬೇಕಾದಷ್ಟಿದೆ, ನಮ್ಮ ಲಿಪಿಯಲ್ಲಿ ಅದು ‘ಕ’ ಅಥವಾ ‘ಖ’ ಆಗಿ ಅಡಗಿದೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕುಗಳು. ‘ತಾಲ್ಲೂಕು’ ಪದದ ಮೂಲದಲ್ಲಿರುವುದು ಖಾಫ್. ಹಕ್ಕು, ವಕೀಲ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಮೊದಲನೆಯದರಲ್ಲಿ ಖಾಫ್, ಎರಡನೆಯದರಲ್ಲಿ ಕಾಫ್. ನಮ್ಮ ವಾಣಿಜ್ಯ ವಿಭಾಗದವರು ದಿನವೂ ಬಳಸುವ ಬಾಕಿ, ಕರಾರು, ರಖಮು ಮೂರೂ ಖಾಫ್ ಪದಗಳೇ. ‘ನಗದು’ ಸಹ ಮೂಲದಲ್ಲಿ ‘ನಖ್ದ್’. ಆದರೆ ಖಾಫ್ ಇದ್ದ ಮಾತ್ರಕ್ಕೆ ಆಟದಲ್ಲಿ ಇಡಲಾಗದು. ‘ಬಾಕಿ’ ಪಟ್ಟಿಯಲ್ಲಿ ಇಲ್ಲ. ಪಟ್ಟಿಯೇ ಕೊನೆಯ ಮಾತು.

ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಇಂಗ್ಲಿಷ್ ಕಷ್ಟ ಎನ್ನುವವರಿದ್ದಾರೆ. ಇಂಗ್ಲೆಂಡಿನ ಮಕ್ಕಳು ಬಾಯಿಪಾಠ ಮಾಡಬೇಕಾದ ಈ ಪದಗಳು ನಮಗೆ ಅಡುಗೆಮನೆಯಿಂದ, ಮಸೀದಿಯಿಂದ, ತಾಲ್ಲೂಕು ಕಚೇರಿಯಿಂದ ಆಗಲೇ ಬಂದಿವೆ. ಕಾಗುಣಿತ ಕಲಿಯುವುದಷ್ಟೇ ಉಳಿದಿರುವುದು.

ಕೊನೆಗೊಂದು ಪ್ರಶ್ನೆ: ಕ್ಯೂ-ಎ-ಎನ್-ಯು-ಎನ್ ಒಂದು ತಂತಿವಾದ್ಯದ ಹೆಸರು. ಅದೇ ಅರಬ್ಬಿ ಪದ ಕನ್ನಡದಲ್ಲಿ ಬೇರೆ ಅರ್ಥದಲ್ಲಿ ಪ್ರತಿದಿನ ಪತ್ರಿಕೆಯಲ್ಲಿ ಬರುತ್ತದೆ. ಯಾವುದು?